ರಾಮಾಯಣದಿಂದ ಬಂದ ಅತಿಥಿ



ಕಳೆದ ಸಲದ ನಮ್ಮ ಮಕ್ಕಳ ನಾಟಕವನ್ನು ನೋಡಿದವರಿಗೆ ಅದರ ಕೊನೆಯ ದೃಶ್ಯ ನೆನಪಿರಲೇಬೇಕು. ಹೂವು ತರಲು ಹೊರಟ ಭೀಮ, ದಾರಿಗೆ ಅಡ್ಡವಾಗಿ ಮಲಗಿದ ಮುದಿಕಪಿ, ಎತ್ತಲಾಗದ ಬಾಲ, ಆಮೇಲೆ ಢಂ ಢಂ ಎಂದು ಹಿನ್ನೆಲೆ ಸಂಗೀತ. ಹನುಮಂತನ ವೇಷದ ಹುಡುಗ ಎದ್ದು ನಿಂತದ್ದೇ ತಡ, ಸಭಾಂಗಣದಲ್ಲಿ ಶಿಳ್ಳೆ, ಚಪ್ಪಾಳೆ! ಅಷ್ಟಕ್ಕೇ ನಿಲ್ಲಿಸಿದೆವೇ? ಇಲ್ಲ. ಆರು ಜನ ಕೌರವರನ್ನು ರಂಗದ ಮೇಲೆ ಓಡಿಸಿ ತಂದು, ಹನುಮಂತನ ಬಾಲದಿಂದ ಅವರಿಗೆಲ್ಲ ಏಟು ಕೊಡಿಸಿದೆವು. ಮಕ್ಕಳು ಬಿದ್ದು ಬಿದ್ದು ನಕ್ಕರು, ವಿಡಿಯೋ ಹಿಡಿದ ಅಪ್ಪಂದಿರೂ ನಕ್ಕರು. ನಾಟಕವನ್ನು ಬರೆದವರು ನಾವೇ ಆದ್ದರಿಂದ ನಮಗೂ ಒಳಗೊಳಗೇ ಹೆಮ್ಮೆಯಾಯಿತು.

ಕಾರ್ಯಕ್ರಮ ಮುಗಿದು, ಗದೆ ಕಿರೀಟಗಳನ್ನೆಲ್ಲ ಕಾರಿನ ಡಿಕ್ಕಿಗೆ ತುಂಬುತ್ತಿದ್ದಾಗ ಭೀಮನ ಪಾತ್ರ ಮಾಡಿದ್ದ ಹುಡುಗ ಹತ್ತಿರ ಬಂದ. ನಾಲ್ಕನೇ ತರಗತಿಯ ಹುಡುಗ. ಮೀಸೆಯ ಬಣ್ಣ ಇನ್ನೂ ಅಳಿಸಿರಲಿಲ್ಲ.

"ಅಂಕಲ್, ಹನುಮಂತನೇ ಎಲ್ಲಾರನ್ನೂ ಹೊಡೆದುಬಿಟ್ಟರೆ, ಆಮೇಲೆ ಭೀಮ ಏನು ಮಾಡ್ತಾನೆ?"

ನಾವು ನಕ್ಕು ಅವನ ಬೆನ್ನು ತಟ್ಟಿ ಕಳಿಸಿದೆವು. ಆದರೆ ಮೌಂಟನ್ ವ್ಯೂ ಕಡೆಗೆ ಬರುತ್ತಾ ಎಲ್ ಕಮೀನೋ ರಸ್ತೆಯ ಕೆಂಪು ದೀಪಗಳಲ್ಲಿ ನಿಂತಾಗಲೆಲ್ಲ ಆ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. ಕೊನೆಯ ಐದು ನಿಮಿಷ ಆ ಹುಡುಗ ರಂಗದ ಒಂದು ಮೂಲೆಯಲ್ಲಿ ಗದೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ನಾಟಕ ಅವನದು, ಹೆಸರೂ 'ಭೀಮನ ಹೂವು'. ಆದರೂ ಅವನಿಗೆ ಮಾಡಲು ಕೆಲಸವಿರಲಿಲ್ಲ.

ಮರುದಿನ ಮೂಲದ ಕಥೆಯನ್ನು ತೆರೆದು ಕುಳಿತೆವು. ಚಿಕ್ಕಂದಿನಲ್ಲಿ ಕೇಳಿದ್ದು, ಆಮೇಲೆ ಅಮರ ಚಿತ್ರ ಕಥೆಯಲ್ಲೋ ಟಿ.ವಿ.ಯಲ್ಲೋ ಕಂಡದ್ದು, ಇಷ್ಟರ ಮೇಲೆಯೇ ನಾಟಕ ಬರೆದದ್ದು ನಮ್ಮ ತಪ್ಪು. ಓದಿದ ಮೇಲೆ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಇದನ್ನು ವಿಮರ್ಶೆ ಎನ್ನಿ, ತಪ್ಪೊಪ್ಪಿಗೆ ಎನ್ನಿ, ನಮ್ಮ ಅಭ್ಯಂತರವಿಲ್ಲ.

ಬೇರೆ ಕಥೆಯವನು ಇಲ್ಲಿಗೇಕೆ ಬಂದ?

ಅಭ್ಯಾಸದ ದಿನಗಳಲ್ಲೇ ಒಬ್ಬ ಹುಡುಗಿ ಇನ್ನೊಂದು ಪ್ರಶ್ನೆ ಹಾಕಿದ್ದಳು: "ಹನುಮಂತ ರಾಮಾಯಣದವನಲ್ವಾ? ಮಹಾಭಾರತದೊಳಗೆ ಹೇಗೆ ಬಂದ?" ಇಲ್ಲಿ ಬೆಳೆಯುವ ಮಕ್ಕಳಿಗೆ ಇದು ಹೊಸ ಸಂಗತಿಯೇನಲ್ಲ. ಒಂದು ಕಾಮಿಕ್ಸ್‌ನ ವೀರ ಇನ್ನೊಬ್ಬ ವೀರನ ಸಿನಿಮಾದಲ್ಲಿ ಎರಡು ನಿಮಿಷ ಮುಖ ತೋರಿಸಿ ಹೋಗುವುದನ್ನು ಅವರು ಬೇಕಾದಷ್ಟು ನೋಡಿದ್ದಾರೆ. ಆದ್ದರಿಂದ ಆ ಹುಡುಗಿಯ ಮಾತಿನಲ್ಲಿದ್ದದ್ದು ಅನುಮಾನವಲ್ಲ, "ಓಹೋ, ನಮ್ಮಲ್ಲೂ ಇದೆಯೇ!" ಎಂಬ ಸಂತೋಷ.

ಇದೆ, ಬೇಕಾದಷ್ಟಿದೆ. ಗಣೇಶನ ಹಬ್ಬದ ದಿನ ಚೌತಿಯ ಚಂದ್ರನನ್ನು ನೋಡಿದ ದೋಷಕ್ಕೆಂದು ನಾವೆಲ್ಲ ಶ್ಯಮಂತಕೋಪಾಖ್ಯಾನ ಕೇಳುತ್ತೇವಷ್ಟೆ. ಅದರಲ್ಲಿ ಮಣಿಯನ್ನು ಹುಡುಕುತ್ತಾ ಕೃಷ್ಣ ಹೊಕ್ಕ ಗುಹೆಯಲ್ಲಿ ಇದ್ದವನು ಯಾರು? ಲಂಕೆಯ ಯುದ್ಧದಲ್ಲಿ ರಾಮನ ಜೊತೆಗಿದ್ದ ಜಾಂಬವಂತ! ಭಾಗವತದ ಪ್ರಕಾರ ಇಬ್ಬರೂ 28 ದಿನ ಹಗಲೂ ರಾತ್ರಿ ಮುಷ್ಟಿಯುದ್ಧ ಮಾಡುತ್ತಾರೆ. ಮೈ ಸೋತ ಮೇಲೆ ಮುದುಕನಿಗೆ ಎದುರಿಗಿರುವವನು ಯಾರೆಂದು ಹೊಳೆಯುತ್ತದೆ. ಇನ್ನು ಪರಶುರಾಮ. ಸೀತೆಯ ಮದುವೆ ಮುಗಿಸಿ ಹೊರಟ ದಿಬ್ಬಣವನ್ನು ಅಡ್ಡಗಟ್ಟಿದವನೂ ಅವನೇ, ಭೀಷ್ಮನಿಗೂ ಕರ್ಣನಿಗೂ ಬಿಲ್ವಿದ್ಯೆ ಕಲಿಸಿದವನೂ ಅವನೇ.

ರಾಮನೂ ಭಾರತಕ್ಕೆ ಬರುತ್ತಾನೆ, ಆದರೆ ವ್ಯಕ್ತಿಯಾಗಿ ಅಲ್ಲ, ಕಥೆಯಾಗಿ. ವನಪರ್ವದಲ್ಲಿ ದ್ರೌಪದಿಯನ್ನು ಜಯದ್ರಥ ಹೊತ್ತೊಯ್ದು, ಅವಳನ್ನು ಬಿಡಿಸಿ ತಂದ ಮೇಲೆ ಧರ್ಮರಾಯ ಕುಗ್ಗಿ ಕುಳಿತಾಗ, ಮಾರ್ಕಂಡೇಯ ಮುನಿ ಅವನಿಗೆ ಇಡೀ ರಾಮಕಥೆಯನ್ನು ಹೇಳುತ್ತಾನೆ. ನಿನಗಿಂತ ಮೊದಲೂ ಒಬ್ಬ ಹೀಗೆ ಪಾಡುಪಟ್ಟಿದ್ದಾನೆ ಎಂಬುದೇ ಅದರ ಸಾರ. ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದಲ್ಲೂ ಹೀಗೆಯೇ: ಬಭ್ರುವಾಹನ ತಂದೆ ಅರ್ಜುನನ ಮೇಲೆಯೇ ಬಾಣ ಹೂಡುವ ಪ್ರಸಂಗದಲ್ಲಿ, ತಂದೆಗೂ ಮಕ್ಕಳಿಗೂ ಹಿಂದೆ ನಡೆದ ಕಾಳಗದ ದೃಷ್ಟಾಂತವಾಗಿ ಕುಶಲವರ ಕಥೆ ಬರುತ್ತದೆ.

ರಾಮ ಕಥೆಯಾಗಿ ಬಂದರೆ ಹನುಮಂತ ಮೈ ಹೊತ್ತೇ ಬರುತ್ತಾನೆ. ಅದಕ್ಕೆ ಕಾರಣವನ್ನು ರಾಮಾಯಣವೇ ಇಟ್ಟಿದೆ. ಭೂಮಿಯ ಮೇಲೆ ರಾಮಕಥೆ ನಡೆಯುವವರೆಗೂ ನನ್ನ ಪ್ರಾಣ ಉಳಿಯಲಿ ಎಂದು ಹನುಮಂತ ಬೇಡುತ್ತಾನೆ, ರಾಮ ಒಪ್ಪುತ್ತಾನೆ. ಇದೊಂದು ರೀತಿಯ ಶಾಶ್ವತ ವೀಸಾ! ನಮಗೆಲ್ಲ ಸಿಗುವಂಥದ್ದಲ್ಲ. ಮುಂದಿನ ಯಾವ ಕವಿಯ ಯಾವ ಕಥೆಯೊಳಕ್ಕೆ ಹೋಗುವುದಕ್ಕೂ ಅವನಿಗೆ ಪರವಾನಗಿ ಇದೆ.

ಪಶ್ಚಿಮದಲ್ಲಿ ಇದು ಇಷ್ಟು ಸುಲಭವಾಗಿ ನಡೆಯಲಿಲ್ಲ. 1906ರಲ್ಲಿ ಫ್ರೆಂಚ್ ಲೇಖಕ ಮಾರೀಸ್ ಲಬ್ಲಾಂ ತನ್ನ ಕಳ್ಳ ನಾಯಕ ಆರ್ಸೆನ್ ಲೂಪಾಂನ ಕಥೆಯೊಳಕ್ಕೆ ಷರ್ಲಾಕ್ ಹೋಮ್ಸ್‌ನನ್ನು ಕರೆತಂದ. ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಕಡೆಯಿಂದ ಆಕ್ಷೇಪ ಬಂದದ್ದರಿಂದ ಅತಿಥಿಯ ಹೆಸರು 'ಹರ್ಲಾಕ್ ಷೋಲ್ಮ್ಸ್' ಎಂದು ತಿರುಗುಮುರುಗಾಯಿತು. ಅಲ್ಲಿ ಪಾತ್ರಕ್ಕೆ ಒಬ್ಬ ಮಾಲೀಕ. ನಮ್ಮಲ್ಲಿ ಹನುಮಂತನಿಗೆ ರಾಮನೊಬ್ಬನೇ ಒಡೆಯ, ಉಳಿದ ಕವಿಗಳೆಲ್ಲ ಅವನನ್ನು ಬರಮಾಡಿಕೊಳ್ಳುವವರು.

ಬಾಳೆಯ ತೋಟದ ಭೇಟಿ

ಈಗ ಕಥೆಗೆ ಬರೋಣ. ಪಾಂಡವರು ವನವಾಸದಲ್ಲಿ ಬದರಿಯ ಸಮೀಪ ಇದ್ದಾರೆ. ಅರ್ಜುನ ಅಸ್ತ್ರಗಳಿಗಾಗಿ ದೇವಲೋಕಕ್ಕೆ ಹೋಗಿದ್ದಾನೆ. ಗಾಳಿಯಲ್ಲಿ ತೇಲಿಬಂದ ಸಾವಿರ ಎಸಳಿನ ಹೂವೊಂದು ದ್ರೌಪದಿಯ ಮುಂದೆ ಬೀಳುತ್ತದೆ. ಅಂಥದ್ದೇ ಇನ್ನಷ್ಟು ಬೇಕು ಎನ್ನುತ್ತಾಳೆ. ಭೀಮ ಹೊರಡುತ್ತಾನೆ, ಶಂಖ ಊದುತ್ತಾ, ಆನೆ ಸಿಂಹಗಳನ್ನು ಬೆದರಿಸುತ್ತಾ, ಕಾಡನ್ನೆಲ್ಲ ಎಬ್ಬಿಸುತ್ತಾ. ದೊಡ್ಡದೊಂದು ಬಾಳೆಯ ತೋಟದಲ್ಲಿ ಒಂದು ಮುದಿಕಪಿ ದಾರಿಗೆ ಅಡ್ಡ ಮಲಗಿದೆ. ಮೈಯಲ್ಲಿ ಸ್ವಸ್ಥವಿಲ್ಲ, ಏಳಲಾರೆ, ಬೇಕಾದರೆ ನನ್ನನ್ನು ದಾಟಿಕೊಂಡು ಹೋಗು ಎನ್ನುತ್ತದೆ.

ನಮ್ಮ ನಾಟಕದಲ್ಲಿ ಇಲ್ಲಿ ಭೀಮ ಕೂಗಾಡುತ್ತಾನೆ. ಮೂಲದಲ್ಲಿ ಅವನ ಉತ್ತರವೇ ಬೇರೆ. ಎಲ್ಲ ದೇಹಗಳಲ್ಲೂ ಪರಮಾತ್ಮ ಇದ್ದಾನೆ, ಆದ್ದರಿಂದ ನಿನ್ನನ್ನು ದಾಟಲಾರೆ. ಆ ತಿಳಿವಳಿಕೆ ಇಲ್ಲದಿದ್ದರೆ ಹನುಮಂತ ಸಮುದ್ರ ಹಾರಿದಂತೆ ನಿನ್ನನ್ನೂ ಈ ಬೆಟ್ಟವನ್ನೂ ಹಾರಿಬಿಡುತ್ತಿದ್ದೆ ಎನ್ನುತ್ತಾನೆ. ಮಲಗಿದವರನ್ನು ದಾಟಬಾರದು ಎಂದು ನಮ್ಮ ಅಜ್ಜಿಯಂದಿರೆಲ್ಲ ಹೇಳುತ್ತಿದ್ದರಲ್ಲ? ಹಾಸಿಗೆ ಹಾಸಿದ ಹಜಾರದಲ್ಲಿ ತಮ್ಮಂದಿರನ್ನು ದಾಟಿ ಓಡಿ, ಬೈಸಿಕೊಂಡು, ಮತ್ತೆ ಹಿಂದಕ್ಕೆ ದಾಟಿ ಬಂದವರು ನಮ್ಮಲ್ಲಿ ಎಷ್ಟು ಜನರಿಲ್ಲ! ಒರಟು ಭೀಮನ ಬಾಯಲ್ಲಿ ಆ ಮಾತು ಬರುವುದೇ ಈ ದೃಶ್ಯದ ಮೊದಲ ಚೆಲುವು. ಅವನು ಬರಿಯ ಗರ್ವಿಷ್ಠನಲ್ಲ, ಸಂಸ್ಕಾರವಂತ.

ಮುಂದಿನ ಮಾತು ಇನ್ನೂ ವಿಶೇಷವಾದದ್ದು. "ಯಾರಪ್ಪ ಆ ಹನುಮಂತ?" ಎಂದು ಮುದಿಕಪಿ ಏನೂ ಅರಿಯದಂತೆ ಕೇಳುತ್ತದೆ. ಭೀಮ ಹೇಳುತ್ತಾನೆ: ಅವನು ನನ್ನ ಅಣ್ಣ, ಗುಣವಂತ, ಬಲಶಾಲಿ, ರಾಮಾಯಣದಲ್ಲಿ ಬಹಳ ಪ್ರಸಿದ್ಧನಾದವನು! ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಭೀಮ ಹನುಮಂತನನ್ನು ಬಲ್ಲದ್ದು ಕಥೆಯಿಂದ. ಆ ಕಥೆಯ ಹೆಸರನ್ನೂ ಹೇಳುತ್ತಾನೆ. ಹೇಳುತ್ತಿರುವುದು ಯಾರಿಗೆ? ಆ ಕಥೆಯಿಂದಲೇ ಎದ್ದು ಬಂದು ಎದುರಿಗೆ ಮಲಗಿರುವವನಿಗೆ! ಸಭೆಯಲ್ಲಿ ನಮ್ಮ ಪಕ್ಕ ಕುಳಿತ ಅಪರಿಚಿತರಿಗೆ ಅವರೇ ಬರೆದ ಪುಸ್ತಕವನ್ನು ಹೊಗಳಿದ ಹಾಗೆ.

ಸ್ಪೇನಿನ ಸೆರ್ವಾಂಟಿಸ್ ಇಂಥದ್ದೇ ಆಟವನ್ನು ಆಡಿ ಹೆಸರಾದ. 1605ರಲ್ಲಿ ಡಾನ್ ಕಿಹೋಟೆ ಮೊದಲ ಭಾಗ ಬಂತು. 1614ರಲ್ಲಿ ಬೇರೊಬ್ಬ ಗುಪ್ತನಾಮದಿಂದ ಅದರ ಮುಂದಿನ ಭಾಗ ಬರೆದುಬಿಟ್ಟ. 1615ರಲ್ಲಿ ಸೆರ್ವಾಂಟಿಸ್ ತನ್ನದೇ ಎರಡನೇ ಭಾಗವನ್ನು ಹೊರತಂದಾಗ, ಅದರಲ್ಲಿ ಬರುವ ಜನ ಮೊದಲ ಭಾಗವನ್ನು ಓದಿದವರು! ಅಷ್ಟೇ ಅಲ್ಲ, ಆ ಕಳ್ಳಭಾಗದ ಪಾತ್ರವೊಂದನ್ನು ತನ್ನ ಪುಸ್ತಕದೊಳಕ್ಕೆ ಎಳೆದುತಂದು, ತಾನು ಹಿಂದೆ ಕಂಡ ಡಾನ್ ಕಿಹೋಟೆ ಇವನಲ್ಲ ಎಂದು ಅವನ ಕೈಯಿಂದಲೇ ಪ್ರಮಾಣ ಮಾಡಿಸುತ್ತಾನೆ. ಯುರೋಪಿನ ವಿಮರ್ಶಕರು ಇದನ್ನು ಕಾದಂಬರಿಯ ಚರಿತ್ರೆಯಲ್ಲೇ ದೊಡ್ಡ ಹೆಜ್ಜೆ ಎನ್ನುತ್ತಾರೆ. ಇರಲಿ, ನಾವು ಬೇಡವೆನ್ನುವುದಿಲ್ಲ. ಆದರೆ ವನಪರ್ವದ ಮುದಿಕಪಿಯ ಮುಂದೆ ನಿಂತ ಭೀಮ ಆ ಹೆಜ್ಜೆಯನ್ನು ಎಷ್ಟೋ ಮೊದಲೇ ಇಟ್ಟಾಗಿತ್ತು.

ಗರ್ವಭಂಗ ಅರ್ಧ ಕಥೆ ಮಾತ್ರ

ಮುಂದಿನದು ಎಲ್ಲರಿಗೂ ಗೊತ್ತು. ದಾಟಲಾರೆಯಾದರೆ ಬಾಲವನ್ನು ಸರಿಸಿ ಹೋಗು ಎನ್ನುತ್ತಾನೆ ಹನುಮಂತ. ಭೀಮ ತಾತ್ಸಾರದಿಂದ ಎಡಗೈ ಹಾಕುತ್ತಾನೆ, ಅಲುಗುವುದಿಲ್ಲ. ಎರಡೂ ಕೈ ಹಾಕುತ್ತಾನೆ, ಅಲುಗುವುದಿಲ್ಲ. ಬೆವರುತ್ತಾನೆ, ನಾಚುತ್ತಾನೆ, ಕೈಮುಗಿದು ನೀನು ಯಾರೆಂದು ಕೇಳುತ್ತಾನೆ.

ನಮ್ಮ ಹರಿಕಥೆಗಳಲ್ಲೂ ಶಾಲೆಯ ಪಾಠಗಳಲ್ಲೂ ಈ ಪ್ರಸಂಗಕ್ಕೆ ಇರುವ ಹೆಸರು 'ಭೀಮನ ಗರ್ವಭಂಗ'. ಬಾಲ ಅಲುಗಲಿಲ್ಲ, ಗರ್ವ ಇಳಿಯಿತು, ಮಂಗಳ. ಆದರೆ ಮೂಲದಲ್ಲಿ ಬಾಲದ ಭಾಗ ಚಿಕ್ಕದು. ಅದಾದ ಮೇಲೆ ಅಣ್ಣತಮ್ಮಂದಿರ ಮಾತು ಬಹಳ ಹೊತ್ತು ನಡೆಯುತ್ತದೆ. ಇಬ್ಬರೂ ವಾಯುಪುತ್ರರು, ಒಬ್ಬ ತ್ರೇತಾಯುಗದವನು, ಇನ್ನೊಬ್ಬ ದ್ವಾಪರದವನು. ಒಂದು ಯುಗದಷ್ಟು ದೊಡ್ಡವನಾದ ಅಣ್ಣ! ಹನುಮಂತ ರಾಮನ ಕಥೆಯನ್ನು ಚುಟುಕಾಗಿ ಹೇಳುತ್ತಾನೆ. ಸಮುದ್ರ ಹಾರಿದಾಗಿನ ರೂಪ ತೋರಿಸು ಎಂದು ಭೀಮ ಕೇಳಿದರೆ ಮೊದಲು ಒಪ್ಪುವುದಿಲ್ಲ. ಆ ಕಾಲ ಬೇರೆ, ಈ ಕಾಲ ಬೇರೆ, ಯುಗ ಬದಲಾದಂತೆ ದೇಹ ಬಲ ಎಲ್ಲವೂ ಬದಲಾಗುತ್ತವೆ, ನಾನೂ ಕಾಲಕ್ಕೆ ತಕ್ಕಂತೆ ಇರಬೇಕು ಎನ್ನುತ್ತಾನೆ. ಕಡೆಗೆ ತಮ್ಮನ ಹಟಕ್ಕೆ ಸೋತು ತೋರಿಸುತ್ತಾನೆ, ಭೀಮ ಕಣ್ಣು ಮುಚ್ಚಿಕೊಳ್ಳುತ್ತಾನೆ. ಮತ್ತೆ ಚಿಕ್ಕವನಾಗಿ ತಮ್ಮನನ್ನು ಅಪ್ಪಿಕೊಳ್ಳುತ್ತಾನೆ.

ಆಗ ಹನುಮಂತ ಆಡುವ ಒಂದು ಮಾತಿದೆ. ನಿನ್ನನ್ನು ಮುಟ್ಟಿದಾಗ, ಮನುಷ್ಯದೇಹದ ಆ ಸ್ಪರ್ಶದಿಂದ, ನನಗೆ ರಾಮನ ನೆನಪಾಯಿತು ಎನ್ನುತ್ತಾನೆ. ಇಡೀ ಯುಗ ಕಳೆದರೂ ಅವನು ಕಾಯುತ್ತಿದ್ದದ್ದು ಇಂಥದೊಂದು ಸ್ಪರ್ಶಕ್ಕಾಗಿಯೋ ಏನೋ. ಬಾಲವನ್ನು ಭೀಮ ಎತ್ತಲಾರದ್ದು ನಮಗೆ ನೆನಪಿದೆ, ಅಣ್ಣನ ಕಣ್ಣು ತುಂಬಿದ್ದು ನೆನಪಿಲ್ಲ. ತವರಿನ ಕಡೆಯವರು ಯಾರಾದರೂ ಬಂದು ಕೈ ಹಿಡಿದರೆ ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಹೀಗೆಯೇ ಆಗುತ್ತದೆ. ಆ ಕೈ ಯಾರದೇ ಆಗಿರಲಿ, ನೆನಪಾಗುವುದು ಇನ್ನೊಬ್ಬರು.

ಈಗ ಬರುತ್ತದೆ ನಮ್ಮ ನಾಟಕದ ಕಣ್ಣು ತೆರೆಸಿದ ಜಾಗ. ಹನುಮಂತ ತಮ್ಮನಿಗೆ ವರ ಕೇಳು ಎನ್ನುತ್ತಾನೆ. ಬೇಕಾದರೆ ಈಗಲೇ ಹಸ್ತಿನಾವತಿಗೆ ಹೋಗಿ ಧೃತರಾಷ್ಟ್ರನ ಮಕ್ಕಳನ್ನು ಕೊಂದುಬರುತ್ತೇನೆ, ಬೇಕಾದರೆ ಒಂದು ಬಂಡೆಯಿಂದ ಆ ಊರನ್ನೇ ಅರೆದುಹಾಕುತ್ತೇನೆ ಎನ್ನುತ್ತಾನೆ. ಲಂಕೆಯನ್ನು ಸುಟ್ಟವನಿಗೆ ಇದೇನು ಮಹಾ! ಭೀಮ ಹೂಂ ಎಂದಿದ್ದರೆ ಮಹಾಭಾರತ ಅಲ್ಲಿಗೇ ಮುಗಿಯುತ್ತಿತ್ತು. ಉದ್ಯೋಗಪರ್ವವಿಲ್ಲ, ಗೀತೆಯಿಲ್ಲ, ಕರ್ಣನಿಲ್ಲ, ಅಭಿಮನ್ಯುವಿನ ಸಾವೂ ಇಲ್ಲ.

ಭೀಮ ಏನೆಂದ? ಸಂತೋಷದಿಂದ ಕೈಮುಗಿದು, ನೀನು ಅಷ್ಟು ಹೇಳಿದ್ದೇ ಮಾಡಿದ ಹಾಗಾಯಿತು, ನಿನ್ನ ಅನುಗ್ರಹವಿದ್ದರೆ ಸಾಕು, ಶತ್ರುಗಳನ್ನು ನಾವೇ ಗೆಲ್ಲುತ್ತೇವೆ ಎಂದ. ಹನುಮಂತನೂ ಒತ್ತಾಯ ಮಾಡಲಿಲ್ಲ. ಹಾಗಾದರೆ ನೀನು ಯುದ್ಧದಲ್ಲಿ ಸಿಂಹನಾದ ಮಾಡಿದಾಗ ನನ್ನ ದನಿಯನ್ನೂ ಸೇರಿಸುತ್ತೇನೆ, ಅರ್ಜುನನ ಬಾವುಟದ ಮೇಲಿದ್ದು ಗರ್ಜಿಸುತ್ತೇನೆ ಎಂದ. ಹೂವಿರುವ ದಾರಿ ತೋರಿಸಿದ. ತಾನು ಇಲ್ಲಿರುವುದನ್ನು ಯಾರಿಗೂ ಹೇಳಬೇಡ ಎಂದ. ಹೋದ.

ನಾವು ಏನು ಮಾಡಿದ್ದೆವು ನೋಡಿ! ಭೀಮ ಬೇಡವೆಂದದ್ದನ್ನೇ ರಂಗದ ಮೇಲೆ ಮಾಡಿಸಿ, ಅದಕ್ಕೆ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆವು. ಆ ನಾಲ್ಕನೇ ತರಗತಿಯ ಹುಡುಗ ಕೇಳಿದ್ದು ವ್ಯಾಸರು ಕೇಳಿಕೊಂಡಿದ್ದ ಪ್ರಶ್ನೆಯನ್ನೇ. ದೊಡ್ಡ ಕಥೆಯ ದೊಡ್ಡ ವೀರನನ್ನು ಇನ್ನೊಂದು ಕಥೆಗೆ ಕರೆತರುವ ಕವಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಅತಿಥಿಯ ಮುಂದೆ ಮನೆಯವರು ಮಂಕಾಗಬಹುದು, ಮನೆಯ ಕೆಲಸವನ್ನೆಲ್ಲ ಅತಿಥಿಯೇ ಮುಗಿಸಿಬಿಡಬಹುದು. ಆ ಅಪಾಯವನ್ನು ವ್ಯಾಸರು ಮುಚ್ಚಿಡಲಿಲ್ಲ. ಅತಿಥಿಯ ಬಾಯಿಂದಲೇ ಅದನ್ನು ಆಡಿಸಿ, ಆತಿಥೇಯನ ಬಾಯಿಂದ ವಿನಯವಾಗಿ ಬೇಡವೆನ್ನಿಸಿದರು. ಬಾಲ ಎತ್ತಲಾರದೆ ಸೋತ ಭೀಮ ಮತ್ತೆ ದೊಡ್ಡವನಾಗುವುದು ಈ ಮಾತಿನಿಂದ. ಆದ್ದರಿಂದ ಈ ಪ್ರಸಂಗವನ್ನು ಬರಿಯ ಗರ್ವಭಂಗ ಎನ್ನುವುದು ಸಾಲದು ಎಂಬುದು ನಮ್ಮ ಅಭಿಪ್ರಾಯ.

ಗದುಗಿನಲ್ಲಿ, ಉಡುಪಿಯಲ್ಲಿ

ಕನ್ನಡದಲ್ಲಿ ಈ ಭೇಟಿ ಮನೆಮಾತಾದದ್ದು ಕುಮಾರವ್ಯಾಸನಿಂದ. ಹದಿನೈದನೆಯ ಶತಮಾನದಲ್ಲಿ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾಮಿನಿ ಷಟ್ಪದಿಯಲ್ಲಿ ಅವನು ಬರೆದ ಹತ್ತು ಪರ್ವಗಳ ಭಾರತದ ಅರಣ್ಯಪರ್ವದಲ್ಲಿ ಇದು ಬರುತ್ತದೆ. ಇಲ್ಲೊಂದು ತಮಾಷೆಯಿದೆ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ಬಳಲಿದ್ದಾನೆ, ಅಲ್ಲಿ ಕಾಲಿಡಲೂ ಜಾಗವಿಲ್ಲ ಎಂಬರ್ಥದ ಮಾತನ್ನು ಕುಮಾರವ್ಯಾಸ ತನ್ನ ಕಾವ್ಯದ ಮೊದಲಲ್ಲೇ ಹೇಳಿ ಭಾರತವನ್ನು ಕೈಗೆತ್ತಿಕೊಂಡವನು. ರಾಮಾಯಣದ ಸಂದಣಿಯಿಂದ ದೂರ ಬಂದವನ ದಾರಿಗೆ ರಾಮಾಯಣದವನೇ ಬಂದು ಅಡ್ಡ ಮಲಗಿದ! ಗಮಕಿಗಳು ಹಳ್ಳಿಯ ಜಗಲಿಗಳಲ್ಲಿ ಗದುಗಿನ ಭಾರತ ಓದುತ್ತಿದ್ದ ಕಾಲದಲ್ಲಿ ಅಕ್ಷರ ಬಾರದವರಿಗೂ ಈ ಭಾಗ ಗೊತ್ತಿತ್ತು.

ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕೂ ಸೇರಿಕೊಂಡಿದೆ. ಉಡುಪಿಯ ಮಧ್ವಾಚಾರ್ಯರ ಸಂಪ್ರದಾಯದಲ್ಲಿ ಹನುಮ, ಭೀಮ, ಮಧ್ವ ಮೂವರೂ ಒಬ್ಬನೇ ವಾಯುದೇವರ ಅವತಾರಗಳು. ಹಾಗಾದರೆ ಬಾಳೆಯ ತೋಟದಲ್ಲಿ ಅಣ್ಣನನ್ನು ತಮ್ಮ ಕಂಡನೋ, ಒಬ್ಬನೇ ತನ್ನನ್ನು ತಾನೇ ಕಂಡನೋ? ತನ್ನ ಬಾಲವನ್ನು ತಾನೇ ಎತ್ತಲಾರದೆ ಹೋದನೆಂದರೆ ಏನರ್ಥ? ಇದು ಸೋಲಲ್ಲ, ಲೀಲೆ ಎಂದು ಆ ಸಂಪ್ರದಾಯದ ಹಿರಿಯರು ವಿವರಿಸುತ್ತಾರೆ. ಅದರ ಶಾಸ್ತ್ರವಿಚಾರ ನಮ್ಮ ಅಳತೆಗೆ ಮೀರಿದ್ದು. ಕಥೆಯ ದೃಷ್ಟಿಯಿಂದ ಇಷ್ಟು ಹೇಳಬಹುದು: ಭಾರತದ ಭೀಮನಿಗೆ ತಾನೇ ಹಿಂದಿನ ಕಥೆಯಲ್ಲಿ ಹನುಮನಾಗಿದ್ದೆ ಎಂಬ ಅರಿವಿಲ್ಲದಂತೆ ನಡೆದುಕೊಳ್ಳುವ ಈ ಚಿತ್ರ ಬಹಳ ದೊಡ್ಡ ಕಲ್ಪನೆ. ಯಾವ ಕಾಮಿಕ್ಸಿನಲ್ಲೂ ಇಂಥದ್ದನ್ನು ನಾವು ಕಂಡಿಲ್ಲ.

ಬಾಣದ ಸೇತುವೆ

ಹನುಮಂತನ ಇನ್ನೊಂದು ಭಾರತ ಪ್ರವೇಶವನ್ನು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡಿನ ಕಡೆಯ ಸದಸ್ಯರು ನಮಗೆ ನೆನಪಿಸುವ ಮೊದಲೇ ಹೇಳಿಬಿಡುತ್ತೇವೆ. ಅದು 'ಶರಸೇತು ಬಂಧನ'. ಯಕ್ಷಗಾನದಲ್ಲೂ ತಾಳಮದ್ದಳೆಯಲ್ಲೂ ಜನ ಇಷ್ಟಪಡುವ ಪ್ರಸಂಗ. ವ್ಯಾಸಭಾರತದಲ್ಲಿ ಈ ಕಥೆ ಇಲ್ಲ, ಆನಂದ ರಾಮಾಯಣದಲ್ಲಿ ಇದೆ. ತೀರ್ಥಯಾತ್ರೆಗೆ ಬಂದ ಅರ್ಜುನ ರಾಮಸೇತುವಿನ ಬಳಿ ಹನುಮಂತನನ್ನು ಕಾಣುತ್ತಾನೆ. ರಾಮ ಅಷ್ಟು ದೊಡ್ಡ ಬಿಲ್ಲುಗಾರನಾದರೆ ಕಪಿಗಳಿಂದ ಕಲ್ಲು ಹೊರಿಸಿದ್ದೇಕೆ, ಬಾಣದಿಂದಲೇ ಸೇತುವೆ ಕಟ್ಟಬಹುದಿತ್ತಲ್ಲ ಎಂದು ಕೇಳಿಬಿಡುತ್ತಾನೆ. ಕಪಿಗಳ ಭಾರವನ್ನು ಬಾಣ ತಡೆಯಲಾರದು ಎಂದು ಹನುಮಂತ. ತಡೆಯುತ್ತದೆ ಎಂದು ಅರ್ಜುನ. ಪಂಥ ಬೀಳುತ್ತದೆ. ಅರ್ಜುನನ ಬಾಣದ ಸೇತುವೆ ಹನುಮಂತನಿಂದ ಮುರಿದುಬೀಳುತ್ತದೆ. ಅರ್ಜುನ ಬೆಂಕಿಗೆ ಹಾರಲು ಸಿದ್ಧನಾಗುತ್ತಾನೆ. ಆಗ ಕೃಷ್ಣ ವೇಷ ಮರೆಸಿಕೊಂಡು ಬಂದು, ಸಾಕ್ಷಿಯಿಲ್ಲದ ಪಂಥ ಪಂಥವೇ ಅಲ್ಲ, ಇನ್ನೊಮ್ಮೆ ಆಗಲಿ ಎನ್ನುತ್ತಾನೆ. ಎರಡನೆಯ ಸಲ ಸೇತುವೆ ಅಲುಗುವುದಿಲ್ಲ, ಏಕೆಂದರೆ ಅದನ್ನು ಕೆಳಗಿನಿಂದ ತಾಳಿಕೊಂಡವನು ಕೃಷ್ಣನೇ. ತನ್ನ ರಾಮನೇ ಇಲ್ಲಿ ಕೃಷ್ಣನಾಗಿ ಇದ್ದಾನೆ ಎಂದು ಹನುಮಂತನಿಗೆ ತಿಳಿಯುತ್ತದೆ.

ತಾಳಮದ್ದಳೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ? ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಚೆಂಡೆ ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳು, ಬರೆದಿಟ್ಟುಕೊಳ್ಳದ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918-2006) ಕಾಸರಗೋಡು ಸೀಮೆಯ ಮಹಾನ್ ಅರ್ಥಧಾರಿಗಳನ್ನು ಕೇಳಿ ಬೆಳೆದವರಿಗೆ ಆ ಮಾತಿನ ರುಚಿ ಗೊತ್ತು. ರಾಮನ ಪರವಾಗಿ ಹನುಮಂತ, ತನ್ನ ಕಾಲದ ಪರವಾಗಿ ಅರ್ಜುನ. ಹಳೆಯ ಕಥೆ ದೊಡ್ಡದೋ ಹೊಸದು ದೊಡ್ಡದೋ ಎಂಬ ವಾದ ಇದು, ಎರಡು ಕಾವ್ಯಗಳೇ ಎದುರು ಕುಳಿತು ವಾದಿಸಿದ ಹಾಗೆ.

ಎರಡರಲ್ಲಿ ಯಾವುದು ಮೇಲು? ರಂಗಕ್ಕೆ ಶರಸೇತುವೇ ಮೇಲು ಎಂದು ಒಪ್ಪುತ್ತೇವೆ. ಅದರಲ್ಲಿ ಹನುಮಂತನೂ ಒಮ್ಮೆ ಸೋಲುತ್ತಾನೆ, ಅತಿಥಿಗೂ ಕಲಿಯಲು ಏನೋ ಇದೆ. ಆದರೆ ಅಲ್ಲಿ ಜಗಳ ಬಗೆಹರಿಸಲು ಮೂರನೆಯವನು ಬರಬೇಕಾಯಿತು. ಬಾಳೆಯ ತೋಟದಲ್ಲಿ ಯಾವ ಕೃಷ್ಣನೂ ಬರುವುದಿಲ್ಲ. ಸೋತವನೂ ಗೆದ್ದವನೂ ತಾವೇ ಮಾತಾಡಿಕೊಂಡು ಬಗೆಹರಿಸಿಕೊಳ್ಳುತ್ತಾರೆ. ನಮ್ಮ ಮನಸ್ಸು ವಾಲುವುದು ಅದರ ಕಡೆಗೆ. ಕರಾವಳಿಯ ಮಿತ್ರರು ಕ್ಷಮಿಸಬೇಕು, ಇಲ್ಲವೇ ಮುಂದಿನ ಸಂಚಿಕೆಗೆ ಪತ್ರ ಬರೆಯಬೇಕು.

ಎರಡು ಕಥೆಗಳೂ ಸೇರುವ ಒಂದು ಜಾಗವಿದೆ: ಅರ್ಜುನನ ಬಾವುಟ. ಖಾಂಡವವನ ಸುಟ್ಟಾಗ ಸಿಕ್ಕ ರಥದ ಮೇಲೆಯೇ ಕಪಿಯ ಬಾವುಟವಿತ್ತು ಎನ್ನುತ್ತದೆ ಆದಿಪರ್ವ. ಭೀಮನಿಗೆ ಕೊಟ್ಟ ಮಾತಿನಂತೆ ಹನುಮಂತ ಅಲ್ಲಿಗೆ ಬಂದ ಎನ್ನುತ್ತದೆ ವನಪರ್ವ. ಪಂಥದಿಂದ ಬಂದ ಎನ್ನುತ್ತದೆ ಶರಸೇತು. ಕಾರಣ ಯಾವುದಾದರೂ ಆಗಲಿ, ಹದಿನೆಂಟು ದಿನದ ಯುದ್ಧದಲ್ಲಿ ಅವನು ಬಾವುಟದ ಮೇಲೆ ಇದ್ದಾನೆ. ಲಂಕೆಯಲ್ಲಿ ಬೆಟ್ಟ ಹೊತ್ತು ತಂದವನು ಕುರುಕ್ಷೇತ್ರದಲ್ಲಿ ಒಂದು ಕಲ್ಲನ್ನೂ ಎತ್ತುವುದಿಲ್ಲ. ಗರ್ಜಿಸುತ್ತಾನೆ, ನೋಡುತ್ತಾನೆ. ದುಶ್ಶಾಸನನನ್ನು, ದುರ್ಯೋಧನನನ್ನು ಕೊಲ್ಲುವುದು ಭೀಮನೇ.

ಟಿ.ವಿ.ಯ ಕಾಲದಲ್ಲೂ ಈ ಅತಿಥಿ ಬಂದುಹೋದ. ರಾಮಾನಂದ ಸಾಗರರ 'ರಾಮಾಯಣ'ದಲ್ಲಿ (1987-88) ಹನುಮಂತನಾಗಿದ್ದ ದಾರಾ ಸಿಂಗ್ ಅವರೇ ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ದಲ್ಲೂ (1988-90) ಹನುಮಂತನಾದರು. ಬೇರೆ ನಿರ್ಮಾಪಕರು, ಬೇರೆ ಧಾರಾವಾಹಿ, ಅದೇ ಮುಖ. ಇಂಡಿಯನ್ ಅಂಗಡಿಯಿಂದ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ತಂದು ನೋಡಿದ ಕುಟುಂಬಗಳಿಗೆ ಆ ಮುಖ ಮತ್ತೆ ಕಂಡಾಗ ಆದ ಸಂತೋಷ ನೆನಪಿರಬಹುದು.

ಇನ್ನು ನಮ್ಮ ವಿಷಯ

ವಿಮರ್ಶೆ ಬರೆಯಲು ಹೊರಟವರು ಮನೆಯ ಮಾತಿಗೆ ಇಳಿದರು ಎನ್ನಬೇಡಿ. ಈ ಊರಿಗೆ ನಾವೆಲ್ಲ ಇನ್ನೊಂದು ಕಥೆಯಿಂದ ಬಂದವರು. ಮಕ್ಕಳ ಕಥೆ ಇಲ್ಲಿಯದು, ಈ ಶಾಲೆಗಳದು, ಈ ರಸ್ತೆಗಳದು. ಅದರೊಳಗೆ ನಮ್ಮ ಪ್ರವೇಶ, ಬೇಸಗೆಯಲ್ಲಿ ಬರುವ ಅಜ್ಜ ಅಜ್ಜಿಯರ ಪ್ರವೇಶ, ಸ್ವಲ್ಪಮಟ್ಟಿಗೆ ಆ ಮುದಿಕಪಿಯದೇ. ಕೆಲವು ಸಲ ದಾರಿಗೆ ಅಡ್ಡ ಮಲಗಬೇಕಾಗುತ್ತದೆ. ಇಲ್ಲದಿದ್ದರೆ ಅವರು ಶಂಖ ಊದುತ್ತಾ ಓಡಿಬಿಡುತ್ತಾರೆ, ಅಣ್ಣನೊಬ್ಬನಿದ್ದಾನೆಂಬುದು ತಿಳಿಯುವುದೇ ಇಲ್ಲ. ಕಥೆ ಹೇಳಬೇಕು, ಒಮ್ಮೊಮ್ಮೆ ನಮ್ಮ ಹಳೆಯ ರೂಪವನ್ನೂ ತೋರಿಸಬೇಕು. ಆದರೆ ನಮ್ಮಲ್ಲಿ ಹಲವರು, ನಾವೂ ಸೇರಿ, ಹಸ್ತಿನಾವತಿಯನ್ನು ಅರೆಯುವುದಕ್ಕೆ ತಯಾರಾಗಿಯೇ ಇರುತ್ತೇವೆ. ಸೈನ್ಸ್ ಪ್ರಾಜೆಕ್ಟನ್ನು ಅಪ್ಪ ಮುಗಿಸುತ್ತಾನೆ, ಕನ್ನಡ ಭಾಷಣವನ್ನು ಅಮ್ಮ ಬರೆದುಕೊಡುತ್ತಾಳೆ, ನಾಟಕದ ಕೊನೆಯ ದೃಶ್ಯವನ್ನು ಅಂಕಲ್ ಹಾಳುಮಾಡುತ್ತಾರೆ. ಬೇಡ ಎಂದು ವಿನಯವಾಗಿ ಹೇಳಲು ಮಕ್ಕಳಿಗೆ ಭೀಮನಷ್ಟು ಧೈರ್ಯ ಎಲ್ಲಿಂದ ಬರಬೇಕು? ಕಾರಿನ ಡಿಕ್ಕಿಯ ಹತ್ತಿರ ನಿಂತು ಕೇಳಿದ ಆ ಹುಡುಗನಿಗೆ ಮಾತ್ರ ಇತ್ತು.

ಆದ್ದರಿಂದ ಒಂದು ಅರಿಕೆ. 'ಭೀಮನ ಹೂವು' ನಾಟಕವನ್ನು ತಿದ್ದಿ ಬರೆದಿದ್ದೇವೆ. ಕೌರವರ ಪಾತ್ರ ತೆಗೆದಿದ್ದೇವೆ (ಆ ಆರು ಮಕ್ಕಳ ತಾಯಂದಿರು ಕೋಪಿಸಿಕೊಳ್ಳಬಾರದು, ಕುಬೇರನ ಕೊಳವನ್ನು ಕಾಯುವ ರಾಕ್ಷಸರ ಪಾತ್ರಗಳಿವೆ, ಹೊಡೆದಾಟವೂ ಇದೆ). ಈಗ ಅವರನ್ನು ಸೋಲಿಸಿ ಹೂವು ತರುವವನು ಭೀಮ. ಹನುಮಂತ ಅಷ್ಟರಲ್ಲಿ ರಂಗದಿಂದ ಹೋಗಿರುತ್ತಾನೆ. ಹನುಮಂತನ ಪಾತ್ರ ಮಾಡುವ ಹುಡುಗನಿಗೆ ಇದು ಸ್ವಲ್ಪ ಬೇಸರವೇ. ಅಪ್ಪಿಕೊಳ್ಳುವ ದೃಶ್ಯದಲ್ಲಿ ಏನು ಮಾಡಬೇಕು ಎಂದು ಕೇಳಿದ. ಏನೂ ಮಾಡಬೇಡ, ಅಪ್ಪಿಕೋ, ಸ್ವಲ್ಪ ಹೊತ್ತು ಬಿಡಬೇಡ ಎಂದಿದ್ದೇವೆ.

ಊರಿನಲ್ಲಿ ರಾಮಾಯಣ ಪಾರಾಯಣ ನಡೆಯುವಾಗ ಹನುಮಂತನಿಗೆಂದು ಒಂದು ಮಣೆ ಹಾಕಿಡುತ್ತಿದ್ದರು, ಅವನು ಬಂದು ಕೇಳುತ್ತಾನೆ ಎಂದು. ಅಭ್ಯಾಸದ ಕೋಣೆಯಲ್ಲಿ ಮಣೆ ಇಲ್ಲ, ಮಡಿಚುವ ಕುರ್ಚಿಗಳಿವೆ. ಮೊನ್ನೆ ಹೊಸ ದೃಶ್ಯವನ್ನು ಓದಿಸುವಾಗ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಯಾರೂ ಕುಳಿತುಕೊಳ್ಳದಂತೆ ಭೀಮ ಅದರ ಮೇಲೆ ತನ್ನ ಜಾಕೆಟ್ ಹಾಕಿಟ್ಟಿದ್ದ.